ಸಮಯ ನಿರ್ವಹಣೆಯ ಸನ್ಮಾನ

ಪ್ರಮಾಣಪತ್ರ ಗೋಡೆಗೆ ಒಪ್ಪುವಷ್ಟು ಮನುಷ್ಯನಿಗೆ ಒಪ್ಪುವುದಿಲ್ಲ ಎಂಬ ತೀರ್ಮಾನಕ್ಕೆ ನಾನು ಈಚೆಗೆ ಬಂದಿದ್ದೇನೆ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಗೆ ಬೆಂಡೆಕಾಯಿ ಹೆಚ್ಚುವ ಕ್ರಮ ಹೇಳಿಕೊಡತೊಡಗಿದ್ದೆ. "ಇದನ್ನ ಹೊರಗಿನೋರಿಗೆ ಹೇಳಿಕೊಡ್ರಿ, ಅವರಿಗರೆ ಬೇಕಾಗಿರ್ತದ" ಎಂದಳು. ನಾನು ಅದನ್ನು ಪ್ರೋತ್ಸಾಹವೆಂದೇ ತಿಳಿದು, ಸಮಯ ನಿರ್ವಹಣೆಯ ತರಬೇತುದಾರನಾಗಲು ಆನ್‌ಲೈನ್ ಕೋರ್ಸು ಮುಗಿಸಿದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ರಾಯಚೂರಿನ ನಮ್ಮ ಓಣಿಗೆಲ್ಲ ಪೇಡೆ ಹಂಚಿ, 'ಮಾನ್ಯತೆ ಪಡೆದ ವೃತ್ತಿಪರ ತರಬೇತುದಾರ' ಎಂದು ಕಾರ್ಡು ಮಾಡಿಸಿದ ಮೇಲೆ ತಿಳಿಯಿತು, ಪ್ರಮಾಣಪತ್ರ ಬೇರೆ, ಮಾನ್ಯತೆ ಬೇರೆ ಎಂದು. ಮಾನ್ಯತೆಗಾಗಿ ಪರೀಕ್ಷಕರ ಎದುರು ನಿಜವಾದ ತರಗತಿ ನಡೆಸಿ ತೋರಿಸಬೇಕಂತೆ. ಅದರಲ್ಲಿ ಫೇಲಾದರೆ ಓಣಿಯಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. ಪೇಡೆಯನ್ನೇನೋ ಅವರು ಆಗಲೇ ಅರಗಿಸಿಕೊಂಡಿದ್ದರು.

ಮಾನ್ವಿಯ ಅಕ್ಕಿ ಗಿರಣಿಯ ಮಾಲೀಕರಾದ ಶರಣಪ್ಪ ಸಾಹುಕಾರರು ತಮ್ಮ ಗುಮಾಸ್ತರಿಗೆ ಪಾಠ ಹೇಳಲು ಒಪ್ಪಿಗೆ ಕೊಟ್ಟರು. ನಾನು ಹದಿನೈದು ದಿನ ಕನ್ನಡಿಯ ಮುಂದೆ ನಿಂತು ತಯಾರಿ ನಡೆಸಿದೆ. ಆ ದಿನ ಹೋಗಿ ನೋಡಿದರೆ ಗಿರಣಿಯ ಅಂಗಳದಲ್ಲಿ ಶಾಮಿಯಾನ, ವೇದಿಕೆ, ಬ್ಯಾನರು, ಮೇಜಿನ ತುಂಬ ಶಾಲುಗಳು. "ಸಾಹುಕಾರ್ರ, ಇದು ಬರೇ ಕ್ಲಾಸರೀ" ಎಂದೆ.

"ಇರ್ಲಿ ಬಿಡ್ರಿ ಮಾಸ್ತರ. ಹುಬ್ಬಳ್ಳಿಯಿಂದ ದೊಡ್ಡ ಸಾಹೇಬ್ರು ಬಂದಾರ. ಸನ್ಮಾನ ಮಾಡದ ಕಳಿಸಿದ್ರ ಊರಿನ ಮರ್ಯಾದಿ ಏನಾಗ್ಬೇಕ್ರೀ?"

ದೊಡ್ಡ ಸಾಹೇಬರೆಂದರೆ ನನ್ನ ಪರೀಕ್ಷಕರಾದ ಪಾಟೀಲರು. ಅವರೊಬ್ಬರಿಗೇ ಹೊದಿಸಿ ಮುಗಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಒಬ್ಬರಿಗೆ ಹೊದಿಸಿ ಇನ್ನೊಬ್ಬರನ್ನು ಬಿಟ್ಟರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆಂದು ಹಮಾಲರ ಮುಖಂಡರಿಗೂ, ಮೈಕಿನವನಿಗೂ, ಲಾರಿ ನಿಲ್ಲಿಸಿ ನೋಡುತ್ತಿದ್ದ ಡ್ರೈವರನಿಗೂ ಶಾಲು ಬಿತ್ತು. ನಿರೂಪಕರು ಮರೆತು ನನಗೆ ಎರಡು ಸಲ ಹೊದಿಸಿದರು. ಆ ಸೆಕೆಯಲ್ಲಿ ಎರಡು ಶಾಲಿನೊಳಗೆ ನಾನು ಸಮಯ ನಿರ್ವಹಣೆಯ ಮೊದಲ ಸೂತ್ರವನ್ನೇ ಮರೆತೆ.

ಆಮೇಲೆ ಪಾಟೀಲರಿಗೆ "ಎರಡು ಮಾತು" ಆಡಬೇಕೆಂದು ವಿನಂತಿಸಿದರು. ಅವರು ತಮ್ಮ ಬಾಲ್ಯದಿಂದ ಶುರುಮಾಡಿ ಮದುವೆಗೆ ಬರುವಷ್ಟರಲ್ಲಿ ಬಿಸಿಲು ಶಾಮಿಯಾನದ ಆ ಕಡೆಯಿಂದ ಈ ಕಡೆಗೆ ದಾಟಿತ್ತು. ಅಡುಗೆಯವನು ಬಂದು "ಅನ್ನ ಆರಾಕತ್ತದ್ರಿ" ಎಂದು ಸಾಹುಕಾರರ ಕಿವಿಯಲ್ಲಿ ಉಸುರಿದ. ತಕ್ಷಣ ವಂದನಾರ್ಪಣೆಯಾಯಿತು. ಅದರಲ್ಲಿ, ಶುರುವೇ ಆಗದ ನನ್ನ ಅಮೂಲ್ಯ ತರಬೇತಿಗೂ ಧನ್ಯವಾದ ಸಂದಿತು. ನನಗೆ ಅಳು ಬಂದಿತ್ತು.

ಊಟಕ್ಕೆ ಪಾಟೀಲರು ನನ್ನ ಪಕ್ಕದಲ್ಲೇ ಕೂತರು. "ಮಾಸ್ತರ, ಬಾಳ ಮಂದಿ ತರಬೇತುದಾರ್ರನ್ನ ನೋಡೀನಿ. ಎಲ್ಲಾರೂ ತಾವ ಮಾತಾಡ್ತಾರ. ಎದುರಿನವರಿಗೆ ಮಾತಾಡಾಕ ಬಿಡೋ ಗುಣ ನಿಮ್ಮೊಬ್ಬರೊಳಗ ಕಂಡೆ. ಪಾಸ್ ಆದ್ರಿ, ಹೋಳಿಗಿ ಹಾಕಿಸ್ಕೋರಿ" ಎಂದರು. ನಾನು ಎರಡು ಹಾಕಿಸಿಕೊಂಡೆ.

ಅವರದೇ ಶಿಫಾರಸಿನಿಂದ ಈಗ ನಾನೂ ಪರೀಕ್ಷಕ. ಮೊನ್ನೆ ದೇವದುರ್ಗಕ್ಕೆ ಹೋಗಿದ್ದೆ. ಪಾಠ ಮಾಡಿ ತೋರಿಸಬೇಕಾದ ಹುಡುಗಿ ಬಲು ಶ್ರದ್ಧೆಯಿಂದ ತಯಾರಾಗಿ ಬಂದಿದ್ದಳು. ಅಲ್ಲಿಯ ಹಿರಿಯರು ನನಗೆ ಶಾಲು ಹೊದಿಸಿ, "ಎರಡು ಮಾತಾಡ್ರಿ ಸರ್" ಎಂದು ಮೈಕು ಕೊಟ್ಟರು. ಬೇಡವೆನ್ನಲು ಮನಸ್ಸಾಗಲಿಲ್ಲ. ನಾನು ಮುಗಿಸುವಷ್ಟರಲ್ಲಿ ಊಟಕ್ಕೆ ಎಲೆ ಹಾಕಿಯಾಗಿತ್ತು. ಹುಡುಗಿ ಕೊನೆಯವರೆಗೂ ಕೈಕಟ್ಟಿ ಕೂತು ಕೇಳಿದಳು. ಅಪರೂಪದ ಪ್ರತಿಭೆ ಎಂದು ನೂರಕ್ಕೆ ತೊಂಬತ್ತೈದು ಕೊಟ್ಟು ಬಂದೆ. ನನ್ನ ಭಾಷಣದ ನಡುವೆ ಒಂದೆರಡು ಸಲ ಗಡಿಯಾರ ನೋಡಿಕೊಂಡಳು, ಅದಕ್ಕೆ ಮಾತ್ರ ಐದು ಅಂಕ ಕಳೆಯಬೇಕಾಯಿತು.