ಫೋನು ವಜಾ ಮಾಡಿದ ಮನುಷ್ಯ

ಹೆಂಡತಿ ಒಂದು ಕೆಂಪು ಚುಕ್ಕಿ ಒತ್ತಿದ್ದೇ ಎಲ್ಲದಕ್ಕೂ ಮೂಲ. ಗಂಡನ ಫೋನಿನಲ್ಲಿ ಆ ಚುಕ್ಕಿ ಎಷ್ಟೋ ಕಾಲದಿಂದ ಮೂಗಿನ ಮೇಲಿನ ಮೊಡವೆಯ ಹಾಗೆ ಕೂತಿತ್ತು. 'ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?' ಅಂತ ಫೋನು ದಿನಾ ಕೇಳುವುದು, ಇವರು ದಿನಾ 'ನಂತರ' ಅಂತ ಒತ್ತುವುದು. ಹೊಸ ಅಳಿಯ ಬಾಗಿಲಲ್ಲಿ ನಿಂತಿದ್ದರೂ ಒಳಗೆ ಕರೆಯದ ಮಾವನಂಥ ಹಟ.

"ರೀ, ಆ ಚುಕ್ಕಿ ನೋಡಿ ನೋಡಿ ನನ್ನ ಕಣ್ಣು ನೋಯ್ತಿತ್ತು. ನೀವು ಮಲಗಿದ್ಮೇಲೆ ನಾನೇ ಒತ್ತಿಬಿಟ್ಟೆ" ಅಂದಳು ಆಕೆ, ಬೆಳಗ್ಗೆ ಕಾಫಿ ಲೋಟ ಇಡುತ್ತಾ.

ಅವರು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹಿರಿಯ ಪ್ರೂಫ್ ರೀಡರು. ಎಲ್ಲರೂ ಕರೆಯುವುದು ಕೊಂಬು ಸಾರ್ ಅಂತ. ಒಂದು ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದರು, ಅದಕ್ಕೆ ಆ ಹೆಸರು. ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಅವರ ಎದುರಿಗೆ ಹೇಳುತ್ತಿರಲಿಲ್ಲ. ತಿದ್ದಿದ್ದನ್ನು ಅವರು ಒಂದು ಸಲವೂ ವಾಪಸು ತೆಗೆದುಕೊಂಡ ಮನುಷ್ಯನಲ್ಲ.

ಫೋನು ಕೈಗೆ ತೆಗೆದುಕೊಂಡು ನೋಡಿದರು. ಅಕ್ಷರಗಳೆಲ್ಲ ಜೇನುಹುಳ ಕಚ್ಚಿದಂತೆ ಊದಿಕೊಂಡಿವೆ. ಒತ್ತಕ್ಷರಗಳ ಕಾಲು ಅರ್ಧಕ್ಕೇ ಕತ್ತರಿಸಿಹೋಗಿದೆ. ಬಟನ್ನುಗಳು ಬಾಡಿಗೆ ಮನೆ ಬದಲಾಯಿಸಿದಂತೆ ಒಂದೊಂದು ಒಂದೊಂದು ಮೂಲೆಯಲ್ಲಿ.

"ಏನಿದು? 'ಅಪ್ಪ' ಅನ್ನೋ ಪದದಲ್ಲಿ ಒತ್ತೇ ಕಾಣ್ತಿಲ್ಲ. ನಮ್ಮಪ್ಪನ್ನ ಬರೀ 'ಅಪ' ಮಾಡಿಬಿಟ್ಟಿದಾರಲ್ಲೇ!"

"ನಂಗಂತೂ ಇಷ್ಟ ಆಯ್ತಪ್ಪ. ಫೋಟೋದಲ್ಲಿ ಬೇಡದವರನ್ನ ಬೆರಳಲ್ಲಿ ಮುಟ್ಟಿದ್ರೆ ಮಾಯ. ನಿಮ್ಮ ಅಣ್ಣನ್ನ ನಮ್ಮ ಮದುವೆ ಫೋಟೋದಿಂದ ಆಗ್ಲೇ ತೆಗೆದಾಯ್ತು."

ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಫೋನು ಕುಂಯ್ ಅಂದಿತು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಬಂತು: 'ಯಜಮಾನರು: ಹಿರಿಯ ಪ್ರೂಫ್ ರೀಡರ್ ವಿಚಾರ. ಇಂದು ಮಧ್ಯಾಹ್ನ.' ಅದರ ಕೆಳಗೇ, ಇನ್ನೂ ದಪ್ಪಗೆ, ಒಂದೇ ಪದ: 'ವಜಾಗೊಳಿಸಿ'.

ಕೊಂಬು ಸಾರ್‌ ಕೈಯಲ್ಲಿದ್ದ ಕಾಫಿ ಲುಂಗಿಯ ಮೇಲೆ ಬಿತ್ತು. ಸುಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ. ಇನ್ನೇನಾದರೂ ಬರೆದಿದೆಯೋ ಅಂತ ನೋಡಲು ಆ ಪದವನ್ನೇ ಮುಟ್ಟಿದರು. ಎಲ್ಲ ಮಾಯವಾಗಿ, ಕೆಳಗೆ ಸಣ್ಣದಾಗಿ ಹೊಳೆಯಿತು: 'ವಜಾಗೊಳಿಸಲಾಗಿದೆ'.

"ಆಯ್ತು, ಮುಗೀತು! ನನ್ನ ಬೆರಳಲ್ಲೇ ನನ್ನನ್ನ ವಜಾ ಮಾಡಿಸಿದಾರೆ ಕಣೇ!"

ಪ್ರೆಸ್ಸಿನಲ್ಲಿ ಅಂಥ ಗುಸುಗುಸು ಇತ್ತು, ಇಲ್ಲವೆನ್ನುವಂತಿಲ್ಲ. ತಪ್ಪು ಹುಡುಕುವ ಕಂಪ್ಯೂಟರ್ ಬರುತ್ತದಂತೆ, ಪ್ರೂಫ್ ವಿಭಾಗಕ್ಕೆ ಬೀಗ ಬೀಳುತ್ತದಂತೆ. ಪ್ರೆಸ್ಸಿನ ಯಜಮಾನರು ಇತ್ತೀಚೆಗೆ ಎಲ್ಲವನ್ನೂ ಫೋನಿನಲ್ಲೇ ತಿಳಿಸುತ್ತಿದ್ದರು. ಹಳೆಯ ಆವೃತ್ತಿಯಲ್ಲಾದರೆ ಅವರ ಸಂದೇಶದ ಕೆಳಗೆ ಒಂದು ಸಣ್ಣ ಇಂಟು ಗುರುತು ಇರುತ್ತಿತ್ತು, ಅಷ್ಟೇ. ಇಂಥ ಮಾತು ಯಾವತ್ತೂ ಬಂದಿರಲಿಲ್ಲ.

ಕೂಗು ಕೇಳಿ ಮೇಲಿನ ಮನೆಯ ನಿವೃತ್ತ ಬಸ್ ಕಂಡಕ್ಟರ್ ಬನಿಯನ್ನಿನಲ್ಲೇ ಇಳಿದು ಬಂದರು. ಯಾರ ಮನೆಯಲ್ಲಿ ದನಿ ಏರಿದರೂ ಹಾಜರಾಗುವವರು.

"ನಂಗೂ ಈ ಹೊಸ ವರ್ಷನ್ ಸೇರಲ್ಲ ಕಣಯ್ಯ. ಟಾರ್ಚ್ ಎಲ್ಲಿ ಬಚ್ಚಿಟ್ಟಿದಾರೋ, ಅದನ್ನ ಹುಡುಕೋಕೇ ಇನ್ನೊಂದು ಟಾರ್ಚ್ ಬೇಕು. ಅದಿರ್ಲಿ, ಏನು ವಜಾ?"

ಕೇಳಿದ ಮೇಲೆ ಅವರು ಸೋಫಾದಲ್ಲಿ ಕೂತು ಗಂಭೀರವಾಗಿ ಹೇಳಿದರು: "ನೋಡು, ಒಂದೇ ಮಾತು. ಕುರ್ಚಿ ಬಿಟ್ಟು ಏಳಬೇಡ. ಬಸ್ಸಲ್ಲಿ ಜೀವಮಾನ ಎಲ್ಲ ನೋಡಿದೀನಿ, ಒಂದ್ಸಲ ಎದ್ದವನಿಗೆ ಆ ಸೀಟು ಮತ್ತೆ ಸಿಗಲ್ಲ. ಕರ್ಚೀಫ್ ಹಾಕಿ ಎದ್ರೂ ಅಷ್ಟೇ."

"ಏಳ್ತೀನಾ? ನನ್ನನ್ನ ಎಬ್ಬಿಸೋನು ಇನ್ನೂ ಹುಟ್ಟಬೇಕು!"

"ರೀ, ಲುಂಗಿ ಬದಲಾಯಿಸ್ಕೊಂಡು ಹೋಗಿ" ಅಂದಳು ಹೆಂಡತಿ.

ಪ್ರೆಸ್ಸಿಗೆ ಹೋದವರೇ ಕೊಂಬು ಸಾರ್‌ ತಮ್ಮ ಕುರ್ಚಿಯಲ್ಲಿ ಧೊಪ್ಪನೆ ಕೂತು, ಎರಡೂ ಕೈಹಿಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಲ್ಲು ಕೀಳಿಸಿಕೊಳ್ಳಲು ಬಂದವರು ಹೀಗೆ ಕೂರುತ್ತಾರೆ. ಪಕ್ಕದ ಮೇಜಿನ ಕಿರಿಯ ಪ್ರೂಫ್ ರೀಡರ್ ತಲೆ ಎತ್ತಿದ. ಮೆತ್ತಗಿನ ಮನುಷ್ಯ, ಸೀನಿದರೂ ಕ್ಷಮೆ ಕೇಳುವವನು.

"ಸಾರ್, ಹುಷಾರಿಲ್ವಾ?"

"ನನ್ನನ್ನ ವಜಾ ಮಾಡಿದಾರೆ. ಆದ್ರೆ ನಾನು ಹೋಗಲ್ಲ. ಕುರ್ಚಿ ಸಮೇತ ಹೊತ್ತು ಹಾಕ್ಲಿ, ನೋಡೇಬಿಡ್ತೀನಿ."

ವಜಾ ಅನ್ನುವ ಪದ ಕಿವಿಗೆ ಬಿದ್ದದ್ದೇ ಬೈಂಡಿಂಗ್ ಅಕ್ಕ ಕೈಗಂಟಿದ ಗೋಂದಿನ ಸಮೇತ ಓಡಿ ಬಂದಳು. ಹಿಂದೆಯೇ ಮಷಿನ್‌ಮನ್, ಮೈತುಂಬ ಶಾಯಿ.

"ಎಲ್ಲಿ ಸಾರ್, ತೋರ್ಸಿ ಆ ಆರ್ಡರು" ಅಂದಳು ಅಕ್ಕ.

ಕೊಂಬು ಸಾರ್‌ ಒಂದು ಕೈಯನ್ನು ಮಾತ್ರ ಕುರ್ಚಿಯಿಂದ ಬಿಡಿಸಿ ಫೋನು ತೆಗೆದರು. ಬೆಳಗಿನ ಸಂದೇಶ ಎಲ್ಲೂ ಸಿಗಲಿಲ್ಲ. ಮೇಲಿಂದ ಎಳೆದರು, ಕೆಳಗಿಂದ ನೂಕಿದರು. ಹಳೆಯದರಲ್ಲಿ ಒಂದೇ ಎಳೆತಕ್ಕೆ ಬರುತ್ತಿದ್ದದ್ದು ಹೊಸದರಲ್ಲಿ ಎಡಗಡೆ ಎಳೆದರೆ ಒಂದು, ಬಲಗಡೆ ಎಳೆದರೆ ಇನ್ನೊಂದು. ಕೊನೆಗೆ ಸಂದೇಶಗಳ ಸಾಲೊಂದು ಇಳಿಯಿತು. ಅದರ ಅಡಿಯಲ್ಲಿ ಬರೆದಿತ್ತು: 'ಎಲ್ಲವನ್ನೂ ತೆರವುಗೊಳಿಸಿ'.

ಅಕ್ಕ ಎದೆಯ ಮೇಲೆ ಕೈಯಿಟ್ಟಳು. ಕೈ ಅಲ್ಲೇ ಅಂಟಿಕೊಂಡಿತು. "ಎಲ್ಲವನ್ನೂ! ಅಂದ್ರೆ ಬರೀ ನಿಮ್ಮನ್ನಲ್ಲ ಸಾರ್. ನಮ್ಮನ್ನೂ ಸೇರ್ಸಿ! ಜಾಗನೇ ಖಾಲಿ ಮಾಡಿಸ್ತಾರೆ!"

"ಅಕ್ಕಾ, ಅದು ಬರೀ ಬಟನ್ನು..." ಅಂದ ಕಿರಿಯ.

"ನೀನು ಸುಮ್ನಿರು!" ಅಂದರು ಕೊಂಬು ಸಾರ್‌. "ನಿಂಗೆ ಈ ಹೊಸ ಆವೃತ್ತಿ ಇಷ್ಟ ಅಂತ ಮೊನ್ನೆ ನೀನೇ ಹೇಳ್ಲಿಲ್ವಾ? ನೀನು ಆ ಕಂಪ್ಯೂಟರ್ ಕಡೆಯೋನು!"

"ಬ್ಯಾಟರಿ ಜಾಸ್ತಿ ಹೊತ್ತು ಬರುತ್ತೆ ಅಂದೆ ಸಾರ್, ಅಷ್ಟೇ..."

"ಬ್ಯಾಟರಿಗೋಸ್ಕರ ಪಕ್ಷ ಬಿಟ್ಟವನು!"

ಮಷಿನ್‌ಮನ್ ಫೋನನ್ನು ಕಿತ್ತುಕೊಂಡು ತಾನೂ ಒಮ್ಮೆ ಒತ್ತಿದ. ಎಲ್ಲಿಗೆ ಹೋಯಿತೋ, ಏನು ತೆರೆಯಿತೋ, ಪರದೆಯ ತುಂಬ ಕೆಂಪಕ್ಷರದಲ್ಲಿ ಬಂತು: 'ಬಲವಂತವಾಗಿ ನಿಲ್ಲಿಸಿ'.

ಅವನು ಅದನ್ನು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಅವನ ಕತ್ತಿನ ನರ ಹಗ್ಗದಂತೆ ಉಬ್ಬಿತು.

"ಬಲವಂತವಾಗಿ ಅಂತೆ! ನನ್ನ ಮಷಿನ್ನನ್ನ ಇವರು ಬಲವಂತವಾಗಿ ನಿಲ್ಲಿಸ್ತಾರಂತೆ! ಅವರ್ಯಾಕೆ ಕಷ್ಟಪಡ್ಬೇಕು, ನಾನೇ ನಿಲ್ಲಿಸ್ತೀನಿ."

ಹೋಗಿ ಸ್ವಿಚ್ ಇಳಿಸಿಯೇಬಿಟ್ಟ. ಸಾಯಂಕಾಲ ಗಾಡಿ ಹತ್ತಬೇಕಾಗಿದ್ದ ಶಾಲಾ ಪುಸ್ತಕಗಳು ಅರ್ಧ ಅಚ್ಚಾಗಿ ಮಷಿನ್ನಿನ ಬಾಯಲ್ಲೇ ನಾಲಿಗೆಯಂತೆ ಜೋತುಬಿದ್ದವು. ಪ್ರೆಸ್ಸಿನಲ್ಲಿ ಅಷ್ಟು ನಿಶ್ಶಬ್ದ ಯಾರೂ ಕೇಳಿರಲಿಲ್ಲ. ಆ ನಿಶ್ಶಬ್ದಕ್ಕೇ ಬೆಚ್ಚಿ ಯಜಮಾನರು ತಮ್ಮ ಕೋಣೆಯಿಂದ ಹೊರಗೆ ಬಂದರು. ದೊಡ್ಡ ದೇಹ, ಸಣ್ಣ ಧೈರ್ಯ. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಬೆವರುವ ಮನುಷ್ಯ.

"ಯಾಕ್ರಪ್ಪಾ ಮಷಿನ್ ನಿಲ್ಸಿದ್ರಿ? ಸಂಜೆಗೆ ಪುಸ್ತಕ ಕೊಡ್ಬೇಕಲ್ರೋ!"

ಕೊಂಬು ಸಾರ್‌ ಏಳಬೇಕೆಂದುಕೊಂಡರು, ಕಂಡಕ್ಟರ್ ಮಾತು ನೆನಪಾಗಿ ಕೂತಲ್ಲೇ ಗುಡುಗಿದರು. "ಸ್ವಾಮಿ! ಈ ಪ್ರೆಸ್ಸಿನ ಒಂದೊಂದು ಪುಟನೂ ನನ್ನ ಕಣ್ಣಿನ ಕೆಳಗೆ ಹೋಗಿದೆ. ನೀವು 'ವಿದ್ಯಾರ್ಥಿ' ಬರೆದಾಗೆಲ್ಲ ಅರ್ಕಾವೊತ್ತು ಹಾಕಿದೋನು ನಾನು. ನನ್ನನ್ನ ಫೋನಲ್ಲಿ ತೆಗೆದುಹಾಕ್ತೀರಾ? ಎದುರಿಗೆ ನಿಂತು ಹೇಳೋಕೆ ಬಾಯಿಲ್ವಾ?"

"ಯಾರ್ರೀ ತೆಗೆದುಹಾಕಿದ್ದು? ನಾನು ಯಾರನ್ನೂ..."

"ಮಾತು ಬೇಡ ಸಾರ್, ಬರೆದುಕೊಡಿ!" ಅಂದ ಮಷಿನ್‌ಮನ್. "ಬರೆದ್ರೆ ಮಷಿನ್ ಓಡುತ್ತೆ."

"ಬರೆದುಕೊಡಿ! ಬರೆದುಕೊಡಿ!" ಅಂತ ಅಕ್ಕ ಎದೆಗಂಟಿದ್ದ ಕೈ ಕಿತ್ತುಕೊಂಡು ಚಪ್ಪಾಳೆ ತಟ್ಟಿದಳು. ಗೋಂದಿನ ಕೈಗಳು, ಒಂದೇ ಚಪ್ಪಾಳೆಗೆ ಕೂಡಿಕೊಂಡುಬಿಟ್ಟವು.

ಯಜಮಾನರು ಗೋಡೆ ಗಡಿಯಾರ ನೋಡಿದರು, ನಿಂತ ಮಷಿನ್ ನೋಡಿದರು, ಹಣೆ ಒರೆಸಿಕೊಂಡರು. ದಿನದ ಕೆಲಸ ಬರೆಯುವ ಬಿಳಿ ಬೋರ್ಡಿನ ಮುಂದೆ ನಿಂತು, ಮಾರ್ಕರ್ ಹಿಡಿದು ಗೀಚಿದರು: 'ನಮ್ಮ ಹಿರಿಯ ಪ್ರೂಫ್ ರೀಡರ್ ಸದ್ಯಕ್ಕೆ ಈ ಹುದ್ದೆಯಲ್ಲಿ ಮುಂದುವರೆಯುತ್ತಾರೆ.'

"ಸಾಕಾ?"

ಕೊಂಬು ಸಾರ್‌ ಕನ್ನಡಕ ಏರಿಸಿಕೊಂಡರು. ಕುರ್ಚಿ ಬಿಡದೆ, ಕುರ್ಚಿಯ ಸಮೇತ ಕರ್ರಕರ್ರನೆ ಜರುಗುತ್ತಾ ಬೋರ್ಡಿನ ಹತ್ತಿರ ಹೋದರು.

"ಸಾಕಾ? ಮೊದಲನೇದಾಗಿ ಅದು 'ಮುಂದುವರೆಯು' ಅಲ್ಲ, 'ಮುಂದುವರಿಯು'. ಆಮೇಲೆ ಈ 'ಸದ್ಯಕ್ಕೆ' ಯಾಕೆ? ಹೊಡೀರಿ ಅದನ್ನ."

ಯಜಮಾನರು ಹೊಡೆದರು.

"'ಯಾವ ಕಾರಣಕ್ಕೂ ಬದಲಾವಣೆ ಇಲ್ಲದೆ' ಸೇರಿಸಿ. 'ನಿವೃತ್ತಿಯವರೆಗೂ' ಸೇರಿಸಿ."

ಸೇರಿಸಿದರು.

"'ಈ ಹುದ್ದೆಯಲ್ಲಿ' ಅನ್ನೋದು ಸಡಿಲ ಆಯ್ತು. ನಾಳೆ ಹೇಗೆ ಬೇಕಾದ್ರೂ ಅರ್ಥ ಮಾಡಬಹುದು. 'ಇದೇ' ಮಾಡಿ. ಇಲ್ಲಿ 'ಹುದ್ದೆಯಲ್ಲೇ' ಮಾಡಿ. ಆ 'ಲೇ' ಇದ್ರೆನೇ ವಾಕ್ಯಕ್ಕೆ ಮೊಳೆ ಹೊಡೆದ ಹಾಗೆ."

"'ಲೇ' ಬೇಕೇಬೇಕೇನ್ರೀ?" ಯಜಮಾನರು ಒಂದು ಕ್ಷಣ ಮಾರ್ಕರ್ ಎತ್ತಿ ಹಿಡಿದು ಅವರ ಮುಖವನ್ನು ಒಂಥರಾ ನೋಡಿದರು.

"'ಲೇ' ಇಲ್ದಿದ್ರೆ ಮಷಿನ್ ಇಲ್ಲ."

ಬರೆದರು. ಕೆಳಗೆ ಸಹಿಯನ್ನೂ ಹಾಕಿದರು. ಮಷಿನ್‌ಮನ್ ಬೋರ್ಡಿನ ಫೋಟೋ ಹೊಡೆದು ಪ್ರೆಸ್ಸಿನ ಎಲ್ಲರಿಗೂ ಕಳಿಸಿದ, ಸ್ವಿಚ್ ಏರಿಸಿದ. ಮಷಿನ್ನು ಗಡಗಡ ಅಂದಿತು. ಕೊಂಬು ಸಾರ್‌ ಅಂದು ಮೊದಲ ಸಲ ಕುರ್ಚಿಯಿಂದ ಎದ್ದು ಗೆದ್ದ ಪೈಲ್ವಾನನಂತೆ ಪ್ಯಾಂಟನ್ನು ಮೇಲೆಳೆದುಕೊಂಡರು.

"ಈಗಾದ್ರೂ ಹೇಳ್ರಿ" ಅಂದರು ಯಜಮಾನರು, "ನಿಮ್ಮನ್ನ ವಜಾ ಮಾಡಿದೀನಿ ಅಂತ ಹೇಳಿದ್ದು ಯಾರು?"

"ನಿಮ್ಮದೇ ಸಂದೇಶ. ಕೆಳಗೆ ಸ್ಪಷ್ಟವಾಗಿತ್ತು, 'ವಜಾಗೊಳಿಸಿ' ಅಂತ."

ಯಜಮಾನರು ತಮ್ಮ ಫೋನು ತೆಗೆದು, ಮಧ್ಯಾಹ್ನದ ಭೇಟಿಯನ್ನು ನೆನಪಿಸುವ ಅದೇ ಸಂದೇಶವನ್ನು ತೋರಿಸಿದರು. ಕೆಳಗೆ ಅದೇ ಪದ.

"ಇದು ನನಗೂ ಬಂದಿದೆ. ಹಾಗಾದ್ರೆ ನನ್ನನ್ನ ಯಾರು ತೆಗೆದುಹಾಕಿದ್ದು? ಓದಿ ಆಯ್ತು, ಇನ್ನು ಇದು ಕಾಣೋದು ಬೇಡ ಅಂದ್ರೆ ಒತ್ತೋ ಬಟನ್ ಕಣ್ರೀ ಅದು. ಹೊಸ ಆವೃತ್ತಿಯೋರು ಎಲ್ಲವನ್ನೂ ನಮ್ಮ ಮಾತಿಗೆ ತರೋಕೆ ಹೋಗಿ ಹೀಗೆ ತಂದಿದಾರೆ."

"ನಾನೂ ಅದನ್ನೇ ಹೇಳೋಕೆ..." ಅಂದ ಕಿರಿಯ.

ಬೈಂಡಿಂಗ್ ಅಕ್ಕ ಸದ್ದಿಲ್ಲದೆ ತನ್ನ ಗೋಂದಿನ ಡಬ್ಬಿಯ ಕಡೆ ನಡೆದಳು. ಕೊಂಬು ಸಾರ್‌ ಮಾತ್ರ ಸೋಲಲಿಲ್ಲ. "ಹಾಗಾದ್ರೆ ತಪ್ಪು ಪದ ಹಾಕಿದೋರದ್ದು, ನಂದಲ್ಲ. ಇರ್ಲಿ, ನನ್ನ ವಿಚಾರ ಅಂತ ಇತ್ತಲ್ಲ, ಅದೇನು ವಿಚಾರ?"

ಯಜಮಾನರು ಬೋರ್ಡಿನ ಕಡೆ ನೋಡಿದರು.

"ಏನಿಲ್ಲ. ಪಕ್ಕದ ಕಟ್ಟಡದಲ್ಲಿ ಪ್ರಕಾಶನ ಶುರು ಮಾಡ್ತಿದೀನಿ. ಅದಕ್ಕೆ ಒಬ್ಬ ಸಂಪಾದಕ ಬೇಕಿತ್ತು. ಸ್ವಂತ ಕೋಣೆ, ಡಬಲ್ ಸಂಬಳ, ಎಲ್ಲ ಪುಸ್ತಕಕ್ಕೂ ನಿಮ್ಮ ಮಾತೇ ಕೊನೆ. ನಿಮ್ಮನ್ನ ಬಿಟ್ಟು ಬೇರೆ ಯಾರೂ ತಲೇಗೇ ಬಂದಿರ್ಲಿಲ್ಲ."

ಮಷಿನ್ನು ಗಡಗಡ ಓಡುತ್ತಲೇ ಇತ್ತು. ಕೊಂಬು ಸಾರ್‌ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಒಂದು ದಾರಿ ಇದೆ" ಅಂದರು ಯಜಮಾನರು, ಮೆಲ್ಲಗೆ. ಒಳ್ಳೆಯ ಮನುಷ್ಯ. "ನಾನು ಮೊದಲು ಬರೆದಿದ್ದು 'ಹುದ್ದೆಯಲ್ಲಿ' ಅಂತ. ಆ 'ಲೇ' ಸೇರಿಸಿದ್ದು ತಪ್ಪಾಯ್ತು ಅಂತ ಇಷ್ಟೂ ಜನರ ಮುಂದೆ ಒಂದು ಮಾತು ಹೇಳಿ. ಅಳಿಸೋಣ. ಹೊಸದಾಗಿ ಬರೆಯೋಣ."

"ಹೇಳ್ಬಿಡಿ ಸಾರ್" ಅಂತ ಬೇಡಿಕೊಂಡ ಕಿರಿಯ. "ಒಂದೇ ಅಕ್ಷರ."

ಡಸ್ಟರ್ ಕೈಯಳತೆಯಲ್ಲೇ ಇತ್ತು. ಕೊಂಬು ಸಾರ್‌ ಬೋರ್ಡನ್ನು ನೋಡಿದರು. ವಾಕ್ಯವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಇನ್ನೊಮ್ಮೆ ಓದಿದರು. ಬಾಯಿ ತೆರೆದರು. ಬಂದ ಮಾತು ಅವರು ಆಡಬೇಕೆಂದಿದ್ದ ಮಾತಲ್ಲ.

"ಏನು ತಪ್ಪಿದೆ ಅದ್ರಲ್ಲಿ? ಒತ್ತಿ ಹೇಳೋ ಅವಧಾರಣೆ ಬರಬೇಕಾದ ಜಾಗದಲ್ಲೇ ಬಂದಿದೆ. ಸರಿಯಾಗಿರೋದನ್ನ ಅಳಿಸೋನಲ್ಲ ನಾನು. ಸಂಪಾದಕನ ಕುರ್ಚಿ ಅಲ್ಲ, ಸಿಂಹಾಸನ ಕೊಟ್ರೂ ಅಷ್ಟೇ!"

ಯಜಮಾನರು ನಿಟ್ಟುಸಿರು ಬಿಟ್ಟು ಮಾರ್ಕರಿನ ಮುಚ್ಚಳ ಹಾಕಿದರು. ಪಕ್ಕದ ಮೇಜಿನ ಕಡೆ ತಿರುಗಿ, "ಬಾರಪ್ಪ ನೀನೇ, ಪಕ್ಕದ ಕಟ್ಟಡದಲ್ಲಿ ಕೋಣೆ ತೋರಿಸ್ತೀನಿ" ಅಂತ ಕಿರಿಯನನ್ನು ಕರೆದರು. ಅವನು ಎದ್ದ, ಕೊಂಬು ಸಾರ್‌ ಹತ್ತಿರ ಬಂದು ಕ್ಷಮೆ ಕೇಳಿದ, ಹೋದ.

ಕೊಂಬು ಸಾರ್‌ ತಮ್ಮ ಕುರ್ಚಿಯನ್ನು ಮತ್ತೆ ಕರ್ರಕರ್ರನೆ ಎಳೆದುಕೊಂಡು ಹೋಗಿ ಕೂತರು. ಆಗ ಫೋನು ಹೊಡೆದುಕೊಂಡಿತು, ಹೆಂಡತಿ. ಎತ್ತುವ ಬಟನ್ ಹುಡುಕುವಷ್ಟರಲ್ಲಿ ಧ್ವನಿ ಸ್ಪೀಕರಿಗೆ ಹೋಯಿತು, ಅದನ್ನು ತಗ್ಗಿಸುವುದು ಎಲ್ಲಿಯೋ ಗೊತ್ತಾಗಲಿಲ್ಲ.

"ಏನಾಯ್ತು ರೀ? ಕೆಲಸ ಇದೆಯೋ ಹೋಯ್ತೋ?" ಇಡೀ ಪ್ರೆಸ್ಸಿಗೆ ಕೇಳಿತು.

"ಇದೆ, ಇದೆ. ಇದೇ ಹುದ್ದೆಯಲ್ಲೇ."

"ಮಷಿನ್ ಸದ್ದಲ್ಲಿ ಏನೂ ಕೇಳ್ತಿಲ್ಲ. ಹುದ್ದೆಯಲ್ಲಿ ಏನು?"

"ಲಿ ಅಲ್ಲ ಕಣೇ, ಲೇ!"

"ಏನಂದ್ರಿ?"

ಕೊಂಬು ಸಾರ್‌ ಎದ್ದು ನಿಂತು, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದರು: "ಲೇ! ಲೇ!"

ಆ ಕಡೆ ಪಾತ್ರೆಯೊಂದನ್ನು ಠಣ್ಣನೆ ಇಟ್ಟ ಸದ್ದು.

"ಓಹೋ. ಇಷ್ಟು ವರ್ಷ ಆದ್ಮೇಲೆ, ಅಷ್ಟು ಜನರ ಮುಂದೆ ನನ್ನನ್ನ ಲೇ ಅಂತೀರಾ? ಬನ್ನಿ ಮನೆಗೆ."