ಲಂಡನ್ನಿಗೆ ಐದೇ ಗಂಟೆ

ಗಣಿತದ ಮೇಷ್ಟ್ರಿಗೆ ‘ಗೊತ್ತಿಲ್ಲ’ ಎಂದು ಹೇಳುವ ಸುಖವಿಲ್ಲ. ಉದ್ಯಾವರದಲ್ಲಿ ಯಾರು ಬಾವಿ ತೋಡಿಸಲಿ, ಯಾರು ಮಾಡಿಗೆ ಹೆಂಚು ಹೊದೆಸಲಿ, ಲೆಕ್ಕಕ್ಕೆ ನನ್ನ ಜಗಲಿಗೇ ಬರುತ್ತಾರೆ. ನಾನೂ ಹಿಂದೆಮುಂದೆ ನೋಡದೆ ಹೇಳಿಬಿಡುತ್ತೇನೆ. ಆಚೆ ಕಾರ್ಕಳ, ಈಚೆ ಕಾಪು ಬಿಟ್ಟರೆ ಹೆಚ್ಚು ತಿರುಗದ, ವಿಮಾನವನ್ನು ಕತ್ತೆತ್ತಿ ಮಾತ್ರ ನೋಡಿದ ನಾನು ಮುಂಬೈಯಿಂದ ಲಂಡನ್ನಿಗೆ ಎಷ್ಟು ಹೊತ್ತು ಎಂಬುದನ್ನೂ ಹಾಗೆಯೇ ಹೇಳಿದ್ದು.

ನೆರೆಮನೆಯ ಫೆಲ್ಸಿ ಬಾಯಮ್ಮನ ಮಗಳಿಗೆ ಲಂಡನ್ನಿನಲ್ಲಿ ಚೊಚ್ಚಲ ಹೆರಿಗೆ. ತಾಯಿ ಬರಲೇಬೇಕೆಂದು ಆ ಹುಡುಗಿ ಫೋನಿನಲ್ಲಿ ಅಳುತ್ತಿದ್ದಳು. ಬಾಯಮ್ಮನದು ಒಂದೇ ಹಟ: “ಗಾಳಿಯಲ್ಲಿ ಅಷ್ಟು ಹೊತ್ತು ಕೂತುಕೊಳ್ಳಲಿಕ್ಕೆ ನನ್ನಿಂದ ಆಗುದಿಲ್ಲ.” ಕೊನೆಗೆ ಅವರ ಗಂಡ ಲಾರೆನ್ಸರು ಟಿಕೆಟ್ಟನ್ನೂ ಬಾಯಮ್ಮನನ್ನೂ ಒಟ್ಟಿಗೆ ಕರೆತಂದು, “ನೀವೇ ಒಂದು ಮಾತು ಹೇಳಿ ಮಾಷ್ಟ್ರೇ” ಎಂದರು. ಬೆಳಿಗ್ಗೆ ಏಳಕ್ಕೆ ಬಿಡುತ್ತದೆ, ಮಧ್ಯಾಹ್ನ ಹನ್ನೆರಡಕ್ಕೆ ಮುಟ್ಟುತ್ತದೆ. ಹನ್ನೆರಡರಿಂದ ಏಳು ಕಳೆದೆ. “ಐದೇ ಗಂಟೆ ಬಾಯಮ್ಮ! ಬೆಂಗಳೂರು ಬಸ್ಸಿಗೆ ಇದರ ಎರಡು ಪಾಲು ಬೇಕು.” ಅಲ್ಲಿಯ ಗಡಿಯಾರವೇ ಬೇರೆ, ಇಲ್ಲಿಯದೇ ಬೇರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬಾಯಮ್ಮನ ಮುಖ ಅರಳಿತು. “ಐದು ಗಂಟೆ ಅಲ್ವಾ? ಒಂದು ಹೊತ್ತು ಉಪವಾಸ ಕೂತ ಹಾಗೆ. ಹೋಗ್ತೇನೆ.”

ಹೋದರು. ವಾರದ ಮೇಲೆ ನಮ್ಮ ಮನೆಗೇ ಬಾಯಮ್ಮನ ಫೋನು ಬಂತು. ವಿಮಾನದಲ್ಲಿ ಕೊಟ್ಟ ಊಟವನ್ನು ಮುಟ್ಟದೆ ಜಪಸರ ಹಿಡಿದು ಕೂತಿದ್ದರಂತೆ. ಕೈಗಡಿಯಾರದಲ್ಲಿ ಐದು ಗಂಟೆ ತುಂಬುತ್ತಲೇ ಚೀಲ ಇಳಿಸಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತರಂತೆ. ತಪ್ಪು ಅವರದಲ್ಲ. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಸ್ಟಾಪಿಗೆ ಮೊದಲೇ ಬಾಗಿಲಿಗೆ ಬಂದು ನಿಲ್ಲದಿದ್ದರೆ ಉದ್ಯಾವರದವರು ಮುಂದಿನ ಊರು ಕಟಪಾಡಿಯಲ್ಲೇ ಇಳಿಯಬೇಕು. “ವಿಮಾನದಲ್ಲಿ ಊಟ ಕೊಡುವ ಹುಡುಗಿ ಓಡಿ ಬಂದಳು. ಇಳಿಯಲಿಕ್ಕೆ ಉಂಟು ಅಂದೆ. ಅವಳಿಗೆ ಎಂತ ಅರ್ಥ ಆಯಿತೋ, ಕೈ ಹಿಡಿದು ತಂದು ಕೂರಿಸಿದಳು. ಮತ್ತೆ ಅಷ್ಟೇ ಹೊತ್ತು ಕೂತೆ ಮಾಷ್ಟ್ರೇ!” ನಾನು ರಿಸೀವರ್ ಹಿಡಿದುಕೊಂಡೇ ಬೆವತೆ. “ಇರಲಿ, ಮಗು ಚಂದ ಉಂಟು. ನಿಜ ಗೊತ್ತಿದ್ದರೆ ನಾನು ಬರುತ್ತಲೇ ಇರಲಿಲ್ಲ” ಎಂದಾಗ ಮಾತ್ರ ಜೀವ ಬಂತು. ನನ್ನ ತಪ್ಪು ಲೆಕ್ಕದಿಂದ ಒಂದು ಬಾಣಂತನವಾದರೂ ಸರಿಯಾಯಿತಲ್ಲ ಎಂದು ಒಳಗೊಳಗೇ ಬೀಗಿದೆ.

ಮೂರು ತಿಂಗಳಾಯಿತು. ಮರಳುವ ದಿನ ಹತ್ತಿರ ಬಂದಾಗ ಬಾಯಮ್ಮ ಟಿಕೆಟ್ಟು ನೋಡಿ ನನ್ನ ರೀತಿಯಲ್ಲೇ ಕಳೆದರು. ಬೆಳಿಗ್ಗೆ ಹತ್ತಕ್ಕೆ ಬಿಟ್ಟು ರಾತ್ರಿ ಹನ್ನೊಂದೂವರೆಗೆ ಮುಂಬೈ. ಕೂಡಲೇ ಫೋನು. “ಹದಿಮೂರೂವರೆ ಗಂಟೆ! ನಿಮ್ಮ ಐದು ಗಂಟೆಯೇ ಹತ್ತಾಯಿತು. ಇದು ಇಪ್ಪತ್ತೇಳಾಗದೆ ಉಂಟಾ? ನಾನು ಬರುದಿಲ್ಲ.” ಅಷ್ಟರಲ್ಲಿ ಮಣಿಪಾಲದ ಟ್ರಾವೆಲ್ಸ್ ಒಂದರಲ್ಲಿ ವಿಚಾರಿಸಿ, ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ ಎಂದು ತಿಳಿದು ನಾನು ಜ್ಞಾನಿಯಾಗಿದ್ದೆ. “ಅಲ್ಲ ಬಾಯಮ್ಮ, ನಿಜವಾಗಿ ಒಂಬತ್ತೇ ಗಂಟೆ!” ಎಂದು ಕೂಗಿದೆ. “ಹೋಗುವಾಗ ಐದು ಅಂದವರೂ ನೀವೇ ಅಲ್ವಾ?” ಎಂದು ಫೋನು ಇಟ್ಟೇಬಿಟ್ಟರು.

ಬಾಯಮ್ಮ ಹೋದಂದಿನಿಂದ ಲಾರೆನ್ಸರ ಊಟ ನಮ್ಮಲ್ಲೇ. ಸುದ್ದಿ ಕೇಳಿ ಅವರು ಕೈತೊಳೆದು ಮಣೆಯ ಮೇಲೆ ಕೂತರು. ನನ್ನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು: “ನಿಮ್ಮ ಲೆಕ್ಕ ನಂಬಿ ಬಾಯಮ್ಮ ಇನ್ನು ಬರುವುದಿಲ್ಲ. ನಾಳೆಯಿಂದ ಇವರಿಗೆ ಬಡಿಸುವುದು ನೀವಾ, ಬೇಯಿಸುವುದು ನೀವಾ?”