ನಡೆಯದ ಪ್ರದರ್ಶನದ ಸಂಪೂರ್ಣ ವರದಿ

ನಮ್ಮ ಕೂಂಬ್ ಮ್ಯಾಲೋ ಹಳ್ಳಿಯಲ್ಲಿ ಒಂದು ಕೋಳಿ ಕೆಮ್ಮಿದರೂ ಅದನ್ನು ಲೋಕಕ್ಕೆ ಸಾರುವವನು ನಾನು. ಜಿಲ್ಲೆಯ ವಾರಪತ್ರಿಕೆಗೆ ಇಲ್ಲಿಯ ಬಾತ್ಮೀದಾರ. ಚರ್ಚಿನ ಗಡಿಯಾರ ನಿಂತದ್ದು, ಬಸ್ಸು ಬಾರದೇ ಹೋದದ್ದು, ರಸ್ತೆಗುಂಡಿಯಲ್ಲಿ ಬಾತುಕೋಳಿಗಳು ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡದ್ದು, ಎಲ್ಲವೂ ನನ್ನ ಲೇಖನಿಯ ಪ್ರಸಾದ. ನನ್ನ ವರದಿಯಲ್ಲಿ ಒಂದೇ ಒಂದು ಸುಳ್ಳು ಅಕ್ಷರ ಇಲ್ಲವೆಂದು ಪಬ್ಬಿನಲ್ಲಿ ಎಷ್ಟು ಸಲ ಎದೆ ತಟ್ಟಿಕೊಂಡಿದ್ದೇನೆಂದರೆ, ಆ ಜಾಗದಲ್ಲಿ ಈಗ ಕೂದಲೇ ಬೆಳೆಯುವುದಿಲ್ಲ!

ಆಗಸ್ಟ್ ತಿಂಗಳ ರಜಾ ಸೋಮವಾರ ಊರ ಹುಲ್ಲುಬಯಲಿನಲ್ಲಿ ಡೇರೆ ಹಾಕಿ ತರಕಾರಿ, ಹೂವು, ಕೇಕುಗಳ ಪ್ರದರ್ಶನ ನಡೆಸುವುದು ನಮ್ಮಲ್ಲಿ ಅಜ್ಜಂದಿರ ಕಾಲದ ಪದ್ಧತಿ. ತೊಡಕೆಂದರೆ, ಪತ್ರಿಕೆಗೆ ಸುದ್ದಿ ಮಧ್ಯಾಹ್ನದೊಳಗೆ ತಲುಪಬೇಕು. ತೀರ್ಪು ಬರುವುದು ಸಂಜೆಗೆ. ಆದ್ದರಿಂದ ಹಳ್ಳಿಯ ಬಾತ್ಮೀದಾರರೆಲ್ಲ ಮಾಡುವುದನ್ನೇ ನಾನೂ ಮಾಡುತ್ತಿದ್ದೆ. ಬೆಳಗ್ಗೆಯೇ ವರದಿ ಬರೆದುಬಿಡುತ್ತಿದ್ದೆ. ಅದರಲ್ಲೇನು ಮೋಸ? ನಮ್ಮೂರಿನಲ್ಲಿ ಗೆಲ್ಲುವವರು ಚರ್ಚಿನ ಗೋಪುರದಷ್ಟೇ ಸ್ಥಿರ. ಈರುಳ್ಳಿಗೆ ಮುದುಕ ಟ್ಯಾಪರ್. ಅವನ ಒಂದು ಈರುಳ್ಳಿ ಹೆಚ್ಚಿದರೆ ಮೂರು ಹಳ್ಳಿ ಅಳುತ್ತವೆ. ಸ್ಪಂಜ್ ಕೇಕಿಗೆ ಪಕ್ಕದ ಮನೆಯ ಮಿಸೆಸ್ ಪಾಬ್‌ಜಾಯ್ ಮೊದಲು, ನನ್ನ ಹೆಂಡತಿ ಎಡ್ನ ಎರಡನೆಯವಳು. ಎಡ್ನ ಎರಡನೆಯವಳಾಗಿಯೇ ಮುದುಕಿಯಾದಳು.

ಈ ಸಲ ಮಾತ್ರ ಮೊದಲ ಬಹುಮಾನದ ಕೆಂಪು ಚೀಟಿ ತರದೆ ಬಿಡುವುದಿಲ್ಲವೆಂದು ಅವಳು ಪಣ ತೊಟ್ಟಿದ್ದಳು. ವಸಂತದಿಂದಲೂ ಕೇಕ್ ಮಾಡಿ ಮಾಡಿ ಕೈ ಪಳಗಿಸಿದಳು. ಅವಳ ಹೆಜ್ಜೆ ಸಪ್ಪಳಕ್ಕೇ ನಮ್ಮ ಕೋಳಿಗಳು ಗಾಬರಿಯಿಂದ ಮೊಟ್ಟೆಯಿಡುವಂತಾದವು.

ಆ ಸೋಮವಾರ ಅವಳು ಒಲೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಾಗ, ನಾನು ಪಕ್ಕದ ಕೋಣೆಯಿಂದ ಫೋನಿನಲ್ಲಿ ವರದಿ ಒಪ್ಪಿಸಿದೆ. ಹೊಳೆಯುವ ಬಿಸಿಲು, ಕಿಕ್ಕಿರಿದ ಜನ, ಎಂದಿನ ವಿಜೇತರು. ಹೆಂಡತಿಯ ಪರ ಎಂಬ ಅಪವಾದ ಬರಬಾರದಲ್ಲ? ಅದಕ್ಕೇ ಒಂದು ಸಾಲು ಸೇರಿಸಿದೆ: ‘ಎಡ್ನ ಅವರ ಕೇಕ್ ಚೆನ್ನಾಗಿತ್ತಾದರೂ ನಡುವೆ ತುಸು ಒಣಗಿತ್ತು.’

ಕೇಕುಗಳೆಲ್ಲ ಡೇರೆಯ ಮೇಜಿನ ಮೇಲೆ ಸಾಲಾಗಿ ಕೂತವು. ತೀರ್ಪುಗಾರ್ತಿ ಇನ್ನೂ ಕಾರಿನಿಂದ ಇಳಿದಿರಲಿಲ್ಲ, ಆಕಾಶ ಕಳಚಿ ಬಿತ್ತು. ಗಾಳಿ ಡೇರೆಯನ್ನು ಕಿತ್ತು ಚರ್ಚಿನ ಗೋಪುರಕ್ಕೆ ಟೋಪಿ ಹಾಕಿತು. ಪ್ರದರ್ಶನ ಶನಿವಾರಕ್ಕೆ ಮುಂದೆ ಹೋಯಿತು. ನಾನು ನೆನೆದ ಬೆಕ್ಕಿನಂತೆ ಮನೆಗೋಡಿ ಪತ್ರಿಕೆಗೆ ಫೋನು ಮಾಡಿದರೆ ಎತ್ತುವವರಿಲ್ಲ. ಪುಟ ಅಚ್ಚಿಗೆ ಹೋಗಿ, ಎಲ್ಲರೂ ರಜೆಗೆ ಹೋಗಿದ್ದರು.

ಬುಧವಾರ ಬೆಳಗಿನ ತಿಂಡಿಗೆ ಪತ್ರಿಕೆ ಬಂತು. ಎಡ್ನ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.

“ವಿಲ್ಫ್, ನನ್ನ ಕೇಕ್ ಒಣಗಿತ್ತಂತೆ.”

“ತುಸು ಅಂದಿದೀನಿ ಕಣೇ.”

“ಮಳೇಲಿ ಕರಗಿ ಗಂಜಿಯಾಗಿ ಹರಿದುಹೋದ ಕೇಕು ಒಣಗಿತ್ತು ಅಂತ ಕಂಡುಹಿಡಿದವನು ಜಗತ್ತಲ್ಲಿ ನೀನೊಬ್ಬನೇ.”

ಅಂದು ರಾತ್ರಿ ಊಟಕ್ಕೇನೆಂದು ಕೇಳಿದ್ದಕ್ಕೆ, “ಕುರಿಮಾಂಸ ಇತ್ತು, ಬಹಳ ರುಚಿಯಾಗಿತ್ತು ಅಂತ ಬರ್ಕೋ, ಹೊಟ್ಟೆ ತುಂಬುತ್ತೆ” ಎಂದು ದೀಪ ಆರಿಸಿ ಹೋದಳು.

ಊರೂ ಸುಮ್ಮನಿರಲಿಲ್ಲ. ಮಿಸೆಸ್ ಪಾಬ್‌ಜಾಯ್ ಪತ್ರಿಕೆಯಲ್ಲಿ ಗೆದ್ದ ಸಂತೋಷಕ್ಕೆ ನೆರೆಹೊರೆಯವರಿಗೆಲ್ಲ ಚಹಾ ಕೊಟ್ಟಳು. ಸೋತವರು ಸೋಲುವ ಮುಂಚೆಯೇ ನನ್ನೊಡನೆ ಮಾತು ಬಿಟ್ಟರು. ಪಬ್ಬಿಗೆ ಕಾಲಿಟ್ಟರೆ ಟ್ಯಾಪರ್ ಲೋಟ ಕೆಳಗಿಟ್ಟು ಗಂಭೀರವಾಗಿ ಕೇಳಿದ: “ಬಾರಪ್ಪಾ ವಿಲ್ಫ್. ನನ್ನ ಮಣ್ಣಿನ ವರದಿನೂ ಬರೆದಾಯ್ತಾ? ಜನ ಚೆನ್ನಾಗಿ ಸೇರಿದ್ರಾ?”

ಶನಿವಾರ ಬಂತು. ತೀರ್ಪುಗಾರ್ತಿ ಮಿಸ್ ಥ್ರಪ್ ಬಂದರು, ಕಂಕುಳಲ್ಲಿ ಅದೇ ಪತ್ರಿಕೆ! ಯಾರೋ ಬರೆದಿಟ್ಟ ತೀರ್ಪಿಗೆ ತಾನು ಮುದ್ರೆ ಒತ್ತುವವಳಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ಒಳಹೊಕ್ಕರು. ಹೊರಬರುವಷ್ಟರಲ್ಲಿ ಊರು ತಲೆಕೆಳಗಾಗಿತ್ತು. ಈರುಳ್ಳಿಯ ಬಹುಮಾನ ಪಾದ್ರಿಗಳಿಗೆ! ಅವರ ಈರುಳ್ಳಿ ಟ್ಯಾಪರನ ಈರುಳ್ಳಿಯ ಮೊಮ್ಮಗುವಿನಂತಿತ್ತು. ಮಿಸೆಸ್ ಪಾಬ್‌ಜಾಯ್ ಮೂರನೆಯವಳು. ಕೆಂಪು ಚೀಟಿ ಎಡ್ನಳ ಹೊಸ ಕೇಕಿನ ಮುಂದೆ.

ಎಡ್ನ ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಕಣ್ಣಲ್ಲಿ ನೀರು. ಮದುವೆಯ ದಿನವೂ ನಾನು ಅದನ್ನು ಕಂಡಿರಲಿಲ್ಲ.

ಆಗ ಬಾಯಿ ಮುಚ್ಚಿಕೊಂಡಿದ್ದರೆ ನಾನು ನಾನಾಗುತ್ತಿರಲಿಲ್ಲ. ಮನೆಯ ದಾರಿಯಲ್ಲಿ ಎದೆಯುಬ್ಬಿಸಿ ಹೇಳಿದೆ: “ನೋಡು ಎಡ್ನ, ನಾನು ನಿನ್ನ ಎರಡನೇ ಜಾಗದಲ್ಲಿ ಹಾಕಿದ್ದಕ್ಕೇ ಆಯಮ್ಮ ಹಠಕ್ಕೆ ಬಿದ್ದು ನಿನ್ನ ಮೊದಲಿಗೆ ತಂದ್ಲು. ನೀನು ಗೆದ್ದಿದ್ದು ನನ್ನ ವರದಿಯಿಂದ. ಈ ವಾರ ಇದನ್ನೇ ಬರೀತೀನಿ.”

ಅವಳು ನಿಂತಳು. ಚೀಟಿಯನ್ನು ಮಡಿಸದೆ, ಮುದುರದೆ ಕೈಚೀಲದೊಳಗೆ ಇಳಿಸಿದಳು.

“ಧಾರಾಳವಾಗಿ ಬರಿ, ವಿಲ್ಫ್,” ಎಂದಳು. “ಬೇರೆ ಯಾರಾದ್ರೂ ಬರೆದಿದ್ರೆ ಊರು ನಂಬಿಬಿಡ್ತಿತ್ತು.”